ಬಯಲಾಟಕ್ಕೂ ಬೀಚಿನ ಗಾನಮೇಳಕ್ಕೂ ಒಗ್ಗುವ ಸಣ್ಣ ಬೈನಾಕ್ಯುಲರ್

ಗದ್ದೆಯಲ್ಲಿ ಯಕ್ಷಗಾನದ ರಂಗಸ್ಥಳದಿಂದ ನಲವತ್ತು ಮೀಟರ್ ಹಿಂದೆ ಕುರ್ಚಿ ಸಿಕ್ಕಿದವರಿಗೆ ಬಣ್ಣದ ವೇಷದ ಕಿರೀಟ ಕಾಣುತ್ತದೆ, ಮುಖದ ಮೇಲಿನ ಬಿಳಿ ಚುಕ್ಕೆಗಳ ಚುಟ್ಟಿ ಕಾಣುವುದಿಲ್ಲ. ಭಾಗವತರ ಪದ ಮೈಕಿನಲ್ಲಿ ಚೆನ್ನಾಗಿಯೇ ಕೇಳುತ್ತದೆ, ವೇಷಧಾರಿಯ ಕಣ್ಣಿನ ಆಟ ಮಾತ್ರ ಅಷ್ಟು ದೂರಕ್ಕೆ ದಾಟುವುದಿಲ್ಲ. ಈ ಕೊರತೆಗೆ ಕಿಸೆಯಲ್ಲಿ ಹಿಡಿಸುವ ಬೈನಾಕ್ಯುಲರ್ ಸಾಕು. ಆದರೆ ಕೊಳ್ಳುವಾಗ ಹೆಚ್ಚಿನವರು ಮೊದಲು ಕೇಳುವುದೇ ‘ಎಷ್ಟು ಎಕ್ಸ್ ಉಂಟು?’ ಎಂದು. ಎಡವುವುದು ಅಲ್ಲೇ.

8×25 ಎಂದು ಬರೆದಿದ್ದರೆ 8 ಎಂಬುದು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, 25 ಎಂಬುದು ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರ್‌ನಲ್ಲಿ. ನೀವು ಕೂರುವ ದೂರವನ್ನು ಮೊದಲ ಅಂಕಿಯಿಂದ ಭಾಗಿಸಿದರೆ ಎಷ್ಟು ಹತ್ತಿರದಿಂದ ನೋಡಿದಂತಾಗುತ್ತದೆ ಎಂದು ತಿಳಿಯುತ್ತದೆ. ನಲವತ್ತು ಮೀಟರ್ ದೂರದ ವೇಷ 8 ಪಟ್ಟಿನಲ್ಲಿ ಐದು ಮೀಟರ್ ದೂರಕ್ಕೆ ಬಂದ ಹಾಗೆ. ಅದಕ್ಕಿಂತ ಹತ್ತಿರ ಬೇಕಿಲ್ಲ. ಊರಿನ ಬಯಲಾಟಕ್ಕೆ 6ರಿಂದ 8 ಪಟ್ಟು ಸಾಕು. ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಉತ್ಸವದಂಥ ದೊಡ್ಡ ಬಯಲಿನಲ್ಲಿ, ಅಥವಾ ಪಣಂಬೂರು, ಮಲ್ಪೆಯ ಮರಳಿನ ಮೇಲೆ ನಡೆಯುವ ಸಂಗೀತ ಸಂಜೆಗಳಲ್ಲಿ ಹಿಂದಿನ ಸಾಲು ನೂರು ಮೀಟರ್ ದಾಟಬಹುದು. ಅಲ್ಲಿ 10 ಪಟ್ಟಿನದನ್ನು ಯೋಚಿಸಬಹುದು, ಆದರೆ ಕೈಯ ನಡುಕವೂ ಹತ್ತು ಪಟ್ಟಾಗುತ್ತದೆ ಎಂಬುದು ನೆನಪಿರಲಿ. ಹಗುರ ಬೈನಾಕ್ಯುಲರ್ ಭಾರದ್ದಕ್ಕಿಂತ ಹೆಚ್ಚು ಅಲುಗುತ್ತದೆ. ಒಂದೇ ಕೊಳ್ಳುವುದಾದರೆ 8 ಪಟ್ಟಿನದನ್ನೇ ಕೊಳ್ಳಿ.

ಎಷ್ಟು ಪಟ್ಟು ಎಂಬುದಕ್ಕಿಂತ ಮುಖ್ಯ, ಒಮ್ಮೆಗೆ ಎಷ್ಟು ಅಗಲ ಕಾಣುತ್ತದೆ ಎಂಬುದು. ಇದನ್ನು ಫೀಲ್ಡ್ ಆಫ್ ವ್ಯೂ ಎಂದು ಡಬ್ಬಿಯ ಮೇಲೆ ಡಿಗ್ರಿಯಲ್ಲೋ, 1000 ಮೀಟರಿಗೆ ಇಷ್ಟು ಮೀಟರ್ ಎಂದೋ ಬರೆದಿರುತ್ತಾರೆ. ಡಿಗ್ರಿಯನ್ನು 17.5ರಿಂದ ಗುಣಿಸಿದರೆ 1000 ಮೀಟರಿನ ಲೆಕ್ಕ ಸಿಗುತ್ತದೆ. 6.5 ಡಿಗ್ರಿ ಎಂದರೆ ಸುಮಾರು 114 ಮೀಟರ್. ನಲವತ್ತು ಮೀಟರ್ ದೂರದಲ್ಲಿ ಅದು ನಾಲ್ಕೂವರೆ ಮೀಟರ್, ಹದಿನೈದು ಅಡಿ. ಸಣ್ಣ ರಂಗಸ್ಥಳದ ಅಗಲ ಬಹುಮಟ್ಟಿಗೆ ಒಳಗೆ ಬಂತು. ಅದೇ ಜಾಗದಿಂದ 5.2 ಡಿಗ್ರಿಯ 10×25 ಹಿಡಿದರೆ ಹನ್ನೆರಡು ಅಡಿ ಮಾತ್ರ. ಪುಂಡುವೇಷ (ಎಳೆಯ ವೀರನ ಪಾತ್ರ) ಧಿಗಿಣ ಹಾಕುತ್ತಾ, ಎಂದರೆ ಹಾರಿ ತಿರುಗುತ್ತಾ, ರಂಗಸ್ಥಳ ಸುತ್ತುವಾಗ ಈ ಮೂರು ಅಡಿಯ ಬೆಲೆ ತಿಳಿಯುತ್ತದೆ: ಬೈನಾಕ್ಯುಲರ್ ಅಟ್ಟಿಸಿಕೊಂಡು ಹೋಗುವಷ್ಟರಲ್ಲಿ ವೇಷ ಇನ್ನೊಂದು ಮೂಲೆಯಲ್ಲಿರುತ್ತದೆ. ಕಂಬಳಕ್ಕೂ ಇದನ್ನೇ ಒಯ್ಯುವ ಯೋಚನೆ ಇದ್ದರೆ 6.5 ಡಿಗ್ರಿಗಿಂತ ಕಡಿಮೆಯದನ್ನು ಮುಟ್ಟಬೇಡಿ. ಓಡುವ ಕೋಣ ನಿಮಗಾಗಿ ನಿಲ್ಲುವುದಿಲ್ಲ.

ಇನ್ನು ಬೆಳಕು. ಮುಂದಿನ ಗಾಜಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿ. 8×21ಕ್ಕೆ 2.6, 8×25ಕ್ಕೆ 3.1, 8×32ಕ್ಕೆ 4 ಮಿ.ಮೀ. ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಅದು, ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. 21ರಿಂದ 25ಕ್ಕೆ ಹೋದರೆ ನಾಲ್ಕೇ ಮಿಲಿಮೀಟರ್ ಹೆಚ್ಚಿದಂತೆ ಕಂಡರೂ ಒಳಬರುವ ಬೆಳಕು ಶೇ. 40ರಷ್ಟು ಹೆಚ್ಚುತ್ತದೆ. ವೇದಿಕೆಯ ಎಲ್‌ಇಡಿ ದೀಪದಲ್ಲಿ ಮುಮ್ಮೇಳದ ವೇಷ 21ರಲ್ಲೂ ಚೆನ್ನಾಗಿಯೇ ಕಾಣುತ್ತದೆ. ಹಿಂದೆ ನೆರಳಲ್ಲಿ ಕೂತ ಮದ್ದಳೆಗಾರರ ಬೆರಳುಗಳನ್ನು ನೋಡಬೇಕೆಂದರೆ 25 ಬೇಕು. ದೀಪ ತಗ್ಗಿಸಿ ದೊಂದಿಯ ಬೆಳಕಿನಲ್ಲಿ ರಕ್ಕಸನನ್ನು ತರುವ ಹೊತ್ತಿಗೆ 8×32 ಇದ್ದವರೇ ಗೆದ್ದರು. ಆದರೆ ಅದರ ತೂಕ ಅರ್ಧ ಕಿಲೋದ ಆಸುಪಾಸು ಇರುತ್ತದೆ, 8×25 ಹೆಚ್ಚಾಗಿ ಮುನ್ನೂರು ಗ್ರಾಮಿನ ಸುತ್ತ. ರಾತ್ರಿಯಿಡೀ ಕತ್ತಿಗೆ ನೇತುಹಾಕಿಕೊಳ್ಳುವವರು ನೀವು, ಲೆಕ್ಕ ನೀವೇ ಹಾಕಿ. ನಾವು ಹೇಳುವುದು 8×25.

ಕನ್ನಡಕದವರು ಐ ರಿಲೀಫ್ ಎಂಬ ಅಂಕಿ ನೋಡದೆ ದುಡ್ಡು ಕೊಡಬೇಡಿ. ಕಣ್ಣನ್ನು ಗಾಜಿನಿಂದ ಎಷ್ಟು ದೂರದವರೆಗೆ ಇಟ್ಟರೆ ಪೂರ್ತಿ ಚಿತ್ರ ಕಾಣುತ್ತದೆ ಎಂಬ ಅಳತೆ ಅದು. ಕನ್ನಡಕ ಹಾಕಿಕೊಂಡೇ ನೋಡಲು 15 ಮಿ.ಮೀ. ಆದರೂ ಬೇಕು. ಸಣ್ಣ ಮಾದರಿಗಳಲ್ಲಿ ಅನೇಕವು 10ರ ಹತ್ತಿರ ಇರುತ್ತವೆ, ಅವುಗಳಲ್ಲಿ ಕನ್ನಡಕದವರಿಗೆ ಬೀಗದ ತೂತಿನಿಂದ ಇಣುಕಿದಷ್ಟೇ ಕಾಣುವುದು. ಬರೀ ದೂರದೃಷ್ಟಿಯ ತೊಂದರೆಯಾದರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿಕೊಳ್ಳಬಹುದು. ಸಿಲಿಂಡರ್ ಪವರ್ ಹೆಚ್ಚಿದ್ದವರಿಗೆ ಅದು ಆಗದು.

ಕೆಲವು ವಸ್ತುಗಳನ್ನು ನೋಡಿದ ಕೂಡಲೇ ಬದಿಗಿಡಬಹುದು. 40×60, 50×50 ಎಂದು ಬರೆದ ಅಂಗೈಯಗಲದ ಬೈನಾಕ್ಯುಲರ್‌ಗಳು: ಆ ಅಂಕಿ ನಿಜವಾಗಿದ್ದರೆ ಕೈಯಲ್ಲಿ ಹಿಡಿದು ಏನೂ ನೋಡಲಾಗದು, ಗಾಜು ಅಳೆದರೆ 60 ಇರುವುದೂ ಇಲ್ಲ. ಮಗ್ಗುಲಲ್ಲಿ ಕಡ್ಡಿ ಇರುವ ಝೂಮ್ ಮಾದರಿಗಳು: ಹತ್ತಿರಕ್ಕೆ ಎಳೆದಂತೆಲ್ಲ ಚಿತ್ರ ಮಸುಕಾಗುತ್ತದೆ, ಅಗಲ ಕುಗ್ಗುತ್ತದೆ, ಎರಡು ಕಣ್ಣಿನ ಹೊಂದಾಣಿಕೆಯೂ ಬೇಗ ಕೆಡುತ್ತದೆ. ‘ನೈಟ್ ವಿಷನ್’ ಎಂದು ಬರೆದ ಅಗ್ಗದ್ದರಲ್ಲಿ ಇರುವುದು ಮಾಮೂಲು ಗಾಜು. ಎಲ್ಲಕ್ಕಿಂತ ಯಕ್ಷಗಾನದವರಿಗೆ ಮೋಸ ಮಾಡುವುದು ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಮುಂಗಾಜು. ಆ ಲೇಪ ಕೆಂಪು ಬೆಳಕನ್ನು ಹೊರಕ್ಕೆ ಹಿಂದಿರುಗಿಸುವುದರಿಂದಲೇ ಹಾಗೆ ಹೊಳೆಯುವುದು. ಹೊರಗೆ ಹೋದ ಕೆಂಪು ನಿಮ್ಮ ಕಣ್ಣಿಗೆ ಬರುವುದಿಲ್ಲ. ಚಿತ್ರ ಹಸಿರು-ನೀಲಿಗೆ ತಿರುಗಿ, ವೇಷದ ಕೆಂಪು ದಗಲೆ (ಅಂಗಿ) ಕಂದಿದ ಇಟ್ಟಿಗೆಯಂತೆ ಕಾಣುತ್ತದೆ. ಒಳ್ಳೆಯ ಗಾಜಿನಲ್ಲಿ ದೀಪದ ಪ್ರತಿಬಿಂಬ ಮಂದವಾಗಿ ಹಸಿರೋ ನೇರಳೆಯೋ ಆಗಿ ತೋರುತ್ತದೆ. ಡಬ್ಬಿಯ ಮೇಲೆ ‘ಫುಲ್ಲಿ ಮಲ್ಟಿಕೋಟೆಡ್’ ಎಂದಿರಲಿ, ಬರೀ ‘ಕೋಟೆಡ್’ ಸಾಲದು.

ಅಂಗಡಿಯ ಒಳಗಿನ ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತವೆ. ಬಾಗಿಲಿಗೆ ತಂದು ನೋಡಿ, ಆದರೆ ಮುಸ್ಸಂಜೆಗೆ ಹೋಗಿ. ಮಂಗಳೂರಿನ ಹಂಪನಕಟ್ಟೆಯ ಕಡೆಯಾದರೆ ದೂರದಲ್ಲಿ ಬರುವ ಬಸ್ಸಿನ ‘ಸ್ಟೇಟ್ ಬ್ಯಾಂಕ್’ ಬೋರ್ಡು ಪರೀಕ್ಷೆಗೆ ಸಾಕು. ಮೊದಲು ಎರಡು ಕೊಳವೆಗಳನ್ನು ಮಡಚಿ, ಎರಡು ವೃತ್ತಗಳು ಒಂದೇ ಆಗುವವರೆಗೆ ಕಣ್ಣಿನ ಅಂತರ ಹೊಂದಿಸಿ. ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಐಪೀಸಿನ ಡಯಾಪ್ಟರ್ ಉಂಗುರದಿಂದ ಬಲಗಣ್ಣಿಗೆ ಸರಿಮಾಡಿ. ಉಂಗುರ ನಿಂತ ಗುರುತನ್ನು ನೆನಪಿಡಿ, ಮುಂದೆ ಚಕ್ರ ಒಂದೇ ಸಾಕು. ಈ ಕೆಲಸ ಮಾಡದೆ ‘ಇದು ಮಸುಕು’ ಎಂದು ವಾಪಸು ಕೊಡುವವರು ಬಹಳ.

ಬಳಿಕ ವಿದ್ಯುತ್ ತಂತಿಯನ್ನೋ ಮಾಡಿನ ಅಂಚನ್ನೋ ನೋಡುತ್ತಾ ಬೈನಾಕ್ಯುಲರನ್ನು ನಿಧಾನ ಕಣ್ಣಿನಿಂದ ಎರಡು ಮೂರು ಇಂಚು ದೂರ ಒಯ್ಯಿರಿ. ಎಡ-ಬಲ ಚಿತ್ರಗಳಲ್ಲಿ ಆ ಗೆರೆ ಒಂದೇ ಎತ್ತರದಲ್ಲಿರಬೇಕು. ಮೇಲೆ ಕೆಳಗೆ ಆಗಿದ್ದರೆ ಕೊಳವೆಗಳು ಸಾಲು ತಪ್ಪಿವೆ. ಐದು ನಿಮಿಷ ನೋಡಿದಾಗ ಗೊತ್ತಾಗದ ಈ ದೋಷ, ಎರಡನೇ ಪ್ರಸಂಗದ ಹೊತ್ತಿಗೆ ತಲೆನೋವಾಗಿ ಬರುತ್ತದೆ. ಕೊನೆಗೆ ಬೀದಿದೀಪ ಚೌಕಟ್ಟಿನ ಅಂಚಿನ ಹೊರಗೆ ಇರುವಂತೆ ಹಿಡಿಯಿರಿ. ಚಿತ್ರದ ಮೇಲೆ ಹಾಲಿನಂಥ ಪರದೆ ಕವಿದರೆ ಬೇಡ. ವೇದಿಕೆಯ ಪಕ್ಕದ ಫೋಕಸ್ ದೀಪಗಳೂ ಹೀಗೆಯೇ ಕಾಡುತ್ತವೆ.

ನೋಡುವಾಗ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. ಅಲುಗಾಟ ಇಳಿಯುತ್ತದೆ, ಪಕ್ಕದವರ ಮುಖಕ್ಕೆ ಕೈ ತಾಗುವುದೂ ತಪ್ಪುತ್ತದೆ. ಪ್ರವೇಶ, ಒಡ್ಡೋಲಗ, ಯುದ್ಧಕ್ಕೆ ಎತ್ತಿದರೆ ಸಾಕು, ವೇಷಧಾರಿಗಳ ಮಾತುಗಾರಿಕೆಯಾದ ಅರ್ಥಗಾರಿಕೆಗೆ ಕಿವಿಯೇ ಹೆಚ್ಚು. ದೂರದಿಂದ ನೋಡುವಾಗ ಚೆಂಡೆಯ ಕೋಲು ಬಿದ್ದ ಮೇಲೆ ಪೆಟ್ಟು ಕೇಳಿದಂತೆ ಅನಿಸಿದರೆ ಬೈನಾಕ್ಯುಲರನ್ನು ದೂರಬೇಡಿ: ನೂರು ಮೀಟರ್ ದಾಟಲು ಶಬ್ದಕ್ಕೆ ಸೆಕೆಂಡಿನ ಮೂರನೇ ಒಂದಂಶದಷ್ಟು ಬೇಕು.

ಕರಾವಳಿಯಲ್ಲಿ ಬೈನಾಕ್ಯುಲರ್ ಕೆಡುವುದು ಬಳಸಿ ಅಲ್ಲ, ಇಟ್ಟು. ಒಳಗೆ ನೈಟ್ರೋಜನ್ ತುಂಬಿ ಮುಚ್ಚಿದ, ನೀರು ಹೊಗದ ಮಾದರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಎಸಿ ಕಾರಿನಿಂದ ನೇರ ಗದ್ದೆಗೆ ತಂದರೆ ಗಾಜು ಮಂಜಾಗುತ್ತದೆ, ಒರೆಸದೆ ಹತ್ತು ನಿಮಿಷ ಬಿಡಿ. ಮಕರ ಮಾಸದ ಇಬ್ಬನಿಗೆ ಶಾಲಿನ ಒಳಗಿಡಿ. ಪಂಚೆಯ ಅಂಚಿನಿಂದ ಒರೆಸಿದರೆ ಗದ್ದೆಯ ಧೂಳು, ಬೀಚಿನ ಮರಳು ಲೇಪವನ್ನು ಗೀರುತ್ತದೆ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಉಪ್ಪುಗಾಳಿಯಲ್ಲಿ ಕೂತು ಬಂದಿದ್ದರೆ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ, ಆಟಗಳ ಕಾಲ ಮುಗಿಯುವ ದಿನ) ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಚರ್ಮದ ಚೀಲದಿಂದ ಹೊರತೆಗೆದು, ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ 50 ಗ್ರಾಂ ಜತೆ ಇಡಿ. ಚರ್ಮ ತೇವ ಹಿಡಿದಿಟ್ಟು ಫಂಗಸ್ಸಿಗೆ ಮನೆ ಮಾಡಿಕೊಡುತ್ತದೆ. ಅಕ್ಕಿ ಹಾಕುವುದು ಬೇಡ, ಅದರ ಹುಡಿ ಚಕ್ರದ ಸಂದಿಗೆ ಹೋಗುತ್ತದೆ. ಜೆಲ್‌ನ ಕಿತ್ತಳೆ ಬಣ್ಣದ ಕಾಳು ಹಸಿರಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಬಿಸಿ ಮಾಡಿ, ತಣಿಸಿ ಮತ್ತೆ ಹಾಕಿ. ಮಳೆಗಾಲದ ಆಟಿ ತಿಂಗಳಲ್ಲಿ ಒಮ್ಮೆಯಾದರೂ ಡಬ್ಬಿ ತೆರೆದು ಗಾಜಿನ ಮೇಲೆ ಟಾರ್ಚಿನ ಓರೆ ಬೆಳಕು ಬಿಡಿ. ಜೇಡನ ಎಳೆಯಂಥದ್ದು ಕಂಡರೆ ಅದು ಫಂಗಸ್. ಹೊರಗಡೆಯದಾದರೆ ಲೆನ್ಸ್ ದ್ರಾವಣದಲ್ಲಿ ಹೋಗಬಹುದು. ಒಳಗಿನದಾದರೆ ಸ್ಕ್ರೂಡ್ರೈವರ್ ಹಿಡಿಯಬೇಡಿ, ರಿಪೇರಿಯವರಿಗೆ ಕೊಡಿ. ಪ್ರಿಸಂ ಕೂದಲೆಳೆಯಷ್ಟು ಸರಿದರೂ ಎರಡು ಕಣ್ಣಿನ ಚಿತ್ರ ಮನೆಯಲ್ಲಿ ಮತ್ತೆ ಒಂದಾಗುವುದಿಲ್ಲ.