ಅಂಗಡಿ ಕ್ಯಾಲೆಂಡರ್ ಮತ್ತು ಫಿಲ್ಟರ್ ನೀರಿನ ಲೆಕ್ಕ

ನಮ್ಮೂರು ಗದಗ ಜಿಲ್ಲೆಯದು. ಅಂಗಡಿ ಕಟ್ಟೆ ಮೇಲೆ ನಿಂತರೆ ಕಪ್ಪತಗುಡ್ಡ ಕಾಣುತ್ತದೆ. ಊರಿನ ಹೆಸರು ಬೇಡ. ಈ ಕಥೆಯಲ್ಲಿ ಬರುವವರೆಲ್ಲ ದಿನಾ ನನ್ನ ಹತ್ತಿರ ಸಕ್ಕರೆ, ಚಹಾಪುಡಿ ಒಯ್ಯುವವರು. ನನ್ನದು ಕಿರಾಣಿ ಅಂಗಡಿ. ಎದುರಿಗೇ ಶುದ್ಧ ಕುಡಿಯುವ ನೀರಿನ ಘಟಕ ಇದೆ. ನಾವೆಲ್ಲ ಅದನ್ನು 'ಫಿಲ್ಟರ್' ಅಂತಲೇ ಕರೆಯುತ್ತೇವೆ. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಮಷಿನ್ ಓಡುತ್ತಿದ್ದರೆ.

ನಮ್ಮ ಬೋರಿನ ನೀರು ಬರೀ ಸವಳಲ್ಲ, ಅದರಲ್ಲಿ ಫ್ಲೋರೈಡ್ ಕೂಡ ಇದೆ. ಲೀಟರಿಗೆ 1 ಮಿಲಿಗ್ರಾಂ ತನಕ ಇದ್ದರೆ ಅಡ್ಡಿಯಿಲ್ಲ, ಬೇರೆ ನೀರೇ ಸಿಗದ ಕಡೆ 1.5 ತನಕ ನಡೆಯುತ್ತದೆ ಅಂತ ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇದ್ದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಆಮೇಲೆ ಮೊಣಕಾಲು, ಬೆನ್ನು ಬಿಗಿಯುತ್ತವೆ. ನಮ್ಮವ್ವ ನೆಲದ ಮೇಲೆ ಕೂತರೆ ಏಳೋಕೆ ಇಬ್ಬರು ಬೇಕು. ಕಾಯಿಸಿ ಆರಿಸಿ ಕುಡಿಯಿರಿ ಅಂತ ಹೇಳುವವರು ಇದ್ದಾರೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಅದರ ಪ್ರಮಾಣ ಇನ್ನೂ ಏರುತ್ತದೆ. ಅದಕ್ಕೇ ಫಿಲ್ಟರ್ ಕೆಟ್ಟರೆ ನಮಗೆ ಸಣ್ಣ ವಿಷಯ ಅಲ್ಲ.

ಅದು ಕೆಡುತ್ತಲೇ ಇತ್ತು. ಕೆಟ್ಟಾಗ ಹೆಂಗಸರು ಖಾಲಿ ಕೊಡ ಹಿಡಿದು ಪಂಚಾಯಿತಿ ಮುಂದೆ ಕೂರುವುದು, ಸಂಜೆಗೆ ಟ್ಯಾಂಕರ್ ಬರುವುದು, ಎಲ್ಲರೂ ಮನೆಗೆ ಹೋಗುವುದು. ಹದಿನೈದು ದಿನಕ್ಕೆ ಮತ್ತೆ ಅದೇ. ನಮ್ಮ ಕಡೆಯವರಿಗೆ ಹೋರಾಟ ಗೊತ್ತಿಲ್ಲ ಅಂತಲ್ಲ. 2011ರಲ್ಲಿ ಹಳ್ಳಿಗುಡಿ ಸುತ್ತಲಿನ ರೈತರು ಉಕ್ಕಿನ ಕಾರ್ಖಾನೆಗೆ ಜಮೀನು ಕೊಡಲ್ಲ ಅಂತ ನಿಂತರು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಮುಂದೆ ಇದ್ದರು. ಪೋಸ್ಕೋದಂಥ ಕಂಪನಿ ವಾಪಸ್ ಹೋಯಿತು. ಆದರೆ ಫಿಲ್ಟರಿನೊಳಗೆ ನೀರು ಸೋಸುವ ಒಂದು ಪೊರೆ, ಅಂದರೆ ಮೆಂಬ್ರೇನ್, ಬದಲಿಸಿಕೊಳ್ಳೋಕೆ ಅಷ್ಟು ಜನ ಸೇರಲ್ಲ, ಸೇರಬೇಕಾಗಿಯೂ ಇಲ್ಲ, ಅಲ್ವಾ?

ನನ್ನ ಕೆಲಸ ಶುರುವಾಗಿದ್ದು ಸಿಟ್ಟಿನಿಂದಲ್ಲ, ಉದ್ರಿ ಲೆಕ್ಕದಿಂದ. ಯಾರ ಮನೆಗೆ ಯಾವತ್ತು ಹಾಲಿನ ಪಾಕೀಟು ಹೋಯಿತು ಅಂತ ಗೋಡೆ ಕ್ಯಾಲೆಂಡರಿನಲ್ಲಿ ಬರೆಯುವುದು ನನ್ನ ಹಳೇ ಚಾಳಿ. 2022ರ ಏಪ್ರಿಲ್‌ನಲ್ಲಿ ಒಂದು ದಿನ ಫಿಲ್ಟರ್ ಬಂದ್ ಇತ್ತು. ಸುಮ್ನೆ ಕೆಂಪು ಪೆನ್ನಿನಲ್ಲಿ ಆ ತಾರೀಕಿಗೆ ಒಂದು ಸುತ್ತು ಹಾಕಿದೆ. ಮರುದಿನವೂ ಬಂದ್, ಇನ್ನೊಂದು ಸುತ್ತು. ಹೀಗೇ ರೂಢಿಯಾಯಿತು. ಜೂನ್ ಹೊತ್ತಿಗೆ ಕ್ಯಾಲೆಂಡರ್ ನೋಡಿದ ಗಿರಾಕಿಗಳೇ "ಇಷ್ಟು ದಿನ ಬಂದ್ ಇತ್ತೇನ್ರೀ?" ಅಂತ ಕೇಳತೊಡಗಿದರು. ಆಗ ಹೊಳೆಯಿತು, ನಮಗೆಲ್ಲ ತೊಂದರೆ ನೆನಪಿದೆ, ತಾರೀಕು ನೆನಪಿಲ್ಲ.

ಒಬ್ಬನ ಕ್ಯಾಲೆಂಡರಿಗೆ ಬೆಲೆ ಇಲ್ಲ ಅಂತ ನನಗೂ ಗೊತ್ತಿತ್ತು. 'ಅಂಗಡಿಯವ ಬಾಟಲಿ ನೀರು ಮಾರೋಕೆ ಹೀಗೆ ಬರೆದಿದ್ದಾನೆ' ಅನ್ನುವವರೂ ಇದ್ದರು. (ಮಾರುತ್ತಿದ್ದೆ, ಅದು ನಿಜ.) ಹಾಗಾಗಿ ಅಂಗನವಾಡಿ ಸಹಾಯಕಿ ಮತ್ತು ಮೇಲಿನ ಓಣಿಯ ಒಬ್ಬ ಅಕ್ಕಾರ ಮನೆಯಲ್ಲೂ ಕ್ಯಾಲೆಂಡರ್ ಇಟ್ಟೆವು. ತಿಂಗಳಿಗೊಮ್ಮೆ ಮೂರನ್ನೂ ಪಕ್ಕದಲ್ಲಿಟ್ಟು ತಾಳೆ ನೋಡುವುದು. ಒಂದೆರಡು ದಿನ ಹೆಚ್ಚುಕಡಿಮೆ ಬಂದರೆ ಇಬ್ಬರು ಬರೆದಿದ್ದನ್ನೇ ಹಿಡಿದೆವು.

ಸೆಪ್ಟೆಂಬರ್‌ನಲ್ಲಿ ಒಂದು ವಿಚಿತ್ರ ಆಯಿತು. ಮಷಿನ್ ಓಡುತ್ತಿದೆ, ನಾಣ್ಯ ನುಂಗುತ್ತಿದೆ, ನೀರೂ ಬರುತ್ತಿದೆ. ಆದರೆ ಬೇಳೆ ಬೇಯುತ್ತಿಲ್ಲ ಅಂತ ಹೆಂಗಸರ ತಕರಾರು. ಗದಗಿಗೆ ಹೋದಾಗ ಕೆಲವು ನೂರು ರೂಪಾಯಿ ಕೊಟ್ಟು ಒಂದು ಟಿಡಿಎಸ್ ಮೀಟರ್ ತಂದೆ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಪೆನ್ನಿನಂಥ ಉಪಕರಣ ಅದು. ಬೋರಿನ ನಲ್ಲಿಯಲ್ಲಿ 1100 ಚಿಲ್ಲರೆ ತೋರಿಸಿತು. ಫಿಲ್ಟರ್ ನಲ್ಲಿಯಲ್ಲೂ ಅದೇ 1100 ಚಿಲ್ಲರೆ! ಮೆಂಬ್ರೇನ್ ಕಟ್ಟಿಕೊಂಡಿದ್ದಕ್ಕೆ ಅದನ್ನು ತಪ್ಪಿಸಿ ಬೋರಿನ ನೀರನ್ನೇ ನೇರ ಟ್ಯಾಂಕಿಗೆ ಬಿಟ್ಟಿದ್ದರು. ಅಂದರೆ ಬೋರಿನ ನೀರನ್ನೇ ದುಡ್ಡು ಕೊಟ್ಟು ಒಯ್ಯುತ್ತಿದ್ದೆವು. ಅವತ್ತಿನಿಂದ ಕ್ಯಾಲೆಂಡರಿನಲ್ಲಿ ಎರಡು ಗುರುತು. ಬಂದ್ ಇದ್ದರೆ ಸುತ್ತು, ಬರೀ ಬೋರಿನ ನೀರು ಬಂದರೆ ಅಡ್ಡಗೆರೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿ ಹೆಂಗಸರಿಗೆ ತರಬೇತಿ ಕೊಟ್ಟ ಕಿಟ್ ಇರುತ್ತದೆ, ಔಷಧಿ ಹನಿ ಹಾಕಿ ಬಣ್ಣ ಹೋಲಿಸಿ ನೋಡುವುದು. ನಮ್ಮ ಪಂಚಾಯಿತಿಯಲ್ಲಿ ಆ ಕಿಟ್ ಡಬ್ಬಿ ಸೀಲ್ ಒಡೆಯದೆ ಕಪಾಟಿನಲ್ಲಿತ್ತು.

ಇನ್ನು ಮಾಹಿತಿ ಹಕ್ಕಿನ ಅರ್ಜಿ. ಮೊದಲ ಅರ್ಜಿಯನ್ನು ನಾನು ಪೂರ್ತಿ ಕೆಡಿಸಿದೆ. 2023ರ ಜನವರಿಯಲ್ಲಿ ಎರಡು ಪುಟ ಬರೆದಿದ್ದೆ. ಘಟಕ ಯಾಕೆ ಪದೇ ಪದೇ ಕೆಡುತ್ತದೆ? ಇದಕ್ಕೆ ಹೊಣೆ ಯಾರು? ಜನರ ಆರೋಗ್ಯದ ಗತಿ ಏನು? ಬರೆಯುವಾಗ ಭಾಳ ಖುಷಿಯಾಗಿತ್ತು. ತಿಂಗಳೊಳಗೆ ಉತ್ತರ ಬಂತು. ಕೇಳಿದ್ದು ಪ್ರಶ್ನೆ ರೂಪದಲ್ಲಿದೆ, ಮಾಹಿತಿ ಅಲ್ಲ, 150 ಪದಕ್ಕಿಂತ ಜಾಸ್ತಿಯೂ ಇದೆ ಅಂತ. ನನಗೆ ಉರಿಯಿತು, ಆದರೆ ಅವರು ಹೇಳಿದ್ದು ನಿಯಮವೇ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದದೊಳಗೆ ಇರಬೇಕು, ಒಂದು ಅರ್ಜಿಗೆ ಒಂದೇ ವಿಷಯ. 'ಯಾಕೆ' ಅಂತ ಕೇಳಿದರೆ ಕಚೇರಿಯವರು ಉತ್ತರ ಹುಟ್ಟಿಸಿ ಕೊಡಬೇಕಾಗಿಲ್ಲ. ಕಡತದಲ್ಲಿ ಇರುವ ಕಾಗದ ಕೇಳಿದರೆ ಕೊಡಲೇಬೇಕು.

ಎರಡನೇ ಅರ್ಜಿಗೆ ಹಣಕಾಸು ವರ್ಷ ಮುಗಿಯುವ ತನಕ ಕಾದೆ. ನಮೂನೆ 'ಎ', 10 ರೂಪಾಯಿ ಪೋಸ್ಟಲ್ ಆರ್ಡರ್. ಈ ಸಲ ಒಂದೇ ವಾಕ್ಯ. 2022ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ತನಕ ನಮ್ಮೂರ ಘಟಕದ ನಿರ್ವಹಣೆಯ ಕರಾರು ಪತ್ರ, ಪಾವತಿಯಾದ ಬಿಲ್‌ಗಳು, ಬಿಲ್ಲಿಗೆ ಲಗತ್ತಿಸಿದ ಲಾಗ್ ಶೀಟ್ (ಘಟಕ ದಿನಾ ಓಡಿದ ದಾಖಲೆ), ನೀರಿನ ಪರೀಕ್ಷಾ ವರದಿ, ಇವುಗಳ ದೃಢೀಕೃತ ನಕಲು ಕೊಡಿ. ಅಷ್ಟೇ. ಕರೆಂಟ್ ಬಿಲ್ ಕಟ್ಟುವುದು ಪಂಚಾಯಿತಿ, ಅದಕ್ಕೆ ಅಲ್ಲಿಗೇ ಬೇರೆ ಅರ್ಜಿ ಹಾಕಿದೆ. ಇದು ನನ್ನ ಬುದ್ಧಿ ಅಲ್ಲ. ಮೋಟಾರ್ ರಿವೈಂಡಿಂಗ್ ಮಾಡುವ ಗೆಳೆಯ ಒಬ್ಬನಿದ್ದಾನೆ. "ಲಾಗ್ ಶೀಟ್ ಯಾರು ಬೇಕಾದ್ರೂ ಬರೀತಾರಪಾ, ಮೀಟರ್ ರೀಡಿಂಗ್ ಕೇಳು" ಅಂದ. ಈ ಇಡೀ ಕೆಲಸದಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಸಲಹೆ ಅದೇ.

ಪಂಚಾಯಿತಿಯಿಂದ ಕರೆಂಟ್ ಬಿಲ್ ಬೇಗ ಬಂತು. ಘಟಕದ ನಿರ್ವಹಣೆಯ ಕಾಗದ ಕೇಳಿದ್ದ ಇನ್ನೊಂದು ಕಚೇರಿಯಿಂದ 30 ದಿನ ಕಳೆದರೂ ಏನೂ ಇಲ್ಲ. ಮೇ 10ಕ್ಕೆ ವಿಧಾನಸಭೆ ಚುನಾವಣೆ, ಎಲ್ಲರೂ ಆ ಡ್ಯೂಟಿ ಮೇಲೆ ಇದ್ದೇವೆ ಅಂದರು. ಮೇ ಕೊನೆಗೆ ಮೊದಲ ಮೇಲ್ಮನವಿ ಹಾಕಿದೆ. ಇದಕ್ಕೆ ಅವಧಿ ಮುಗಿದ ಮೇಲೆ 30 ದಿನ ಇರುತ್ತದೆ. ಮೇಲಧಿಕಾರಿ 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನ ಮಾಡಬೇಕು. ಅರ್ಜಿ ಕೊಟ್ಟಾಗ ಸ್ವೀಕೃತಿ ಮೊಹರು ಹಾಕಿಸಿಕೊಂಡಿದ್ದರಿಂದ ಬಚಾವಾದೆ. ಇಲ್ಲದಿದ್ದರೆ ಯಾವ ಅರ್ಜಿ, ಯಾವಾಗ ಕೊಟ್ಟಿದ್ದೀರಿ ಅನ್ನುವಲ್ಲಿಗೇ ಕಥೆ ಮುಗಿಯುತ್ತಿತ್ತು. ಜುಲೈನಲ್ಲಿ ಕರೆದರು. 62 ಪುಟ, 124 ರೂಪಾಯಿ ಕಟ್ಟಿ ಅಂದರು. ತಡವಾದರೆ ಪುಕ್ಕಟೆ ಕೊಡಬೇಕು ಅಂತ ಕಾಯ್ದೆಯ 7(6)ರಲ್ಲಿ ಇದೆ. ವಾದ ಮಾಡಬಹುದಿತ್ತು. ವಾದಕ್ಕೆ ಇನ್ನೊಂದು ದಿನ ಅಂಗಡಿ ಮುಚ್ಚಬೇಕು, ಬಸ್ ಚಾರ್ಜ್ ಬೇರೆ. ಕೊಟ್ಟು ಕಟ್ಟು ಎತ್ತಿಕೊಂಡು ಬಂದೆ. ತತ್ವ ಗಟ್ಟಿ ಇದ್ದವರು ವಾದ ಮಾಡಲಿ.

ಆ ರಾತ್ರಿ ಅಂಗಡಿ ಬಾಗಿಲು ಹಾಕಿ, ಮೂರು ಕ್ಯಾಲೆಂಡರ್ ಹರವಿಕೊಂಡು ಕೂತೆವು. ಕರಾರಿನ ಪ್ರಕಾರ ಕೆಟ್ಟ 48 ಗಂಟೆಯೊಳಗೆ ರಿಪೇರಿ ಆಗಬೇಕು. ತಪ್ಪಿದರೆ ದಿನದ ಲೆಕ್ಕದಲ್ಲಿ ಬಿಲ್ ಕಡಿತ. ಪ್ರತಿ ತಿಂಗಳು ನೀರಿನ ಪರೀಕ್ಷೆ. ಒಳ್ಳೆಯ ಕರಾರು, ತಪ್ಪು ಹುಡುಕೋಕೆ ಆಗಲ್ಲ. 12 ತಿಂಗಳ ಬಿಲ್ಲೂ ಪೂರ್ತಿ ಪಾವತಿಯಾಗಿತ್ತು, ಒಂದು ರೂಪಾಯಿ ಕಡಿತ ಇಲ್ಲ. ಲಾಗ್ ಶೀಟಿನಲ್ಲಿ 365 ದಿನವೂ ಘಟಕ ಓಡಿದೆ. ನಮ್ಮ ಕ್ಯಾಲೆಂಡರಿನಲ್ಲಿ 131 ಸುತ್ತು, 40 ಅಡ್ಡಗೆರೆ. ನೀರಿನ ವರದಿಗಳಂತೂ ನೋಡೋ ಹಾಗಿದ್ದವು. ಹನ್ನೆರಡೂ ತಿಂಗಳು ಟಿಡಿಎಸ್ 86, ಫ್ಲೋರೈಡ್ 0.4. ಬ್ಯಾಸಿಗೆ, ಮಳೆಗಾಲ ಏನೂ ಇಲ್ಲ, ಕಲ್ಲಿನಲ್ಲಿ ಕೆತ್ತಿದ ಹಾಗೆ ಒಂದೇ ಅಂಕಿ. ಆಮೇಲೆ ಹೆಸ್ಕಾಂ ಬಿಲ್ ತೆಗೆದೆವು. ಚೆನ್ನಾಗಿ ಓಡಿದ ನವೆಂಬರ್‌ನಲ್ಲಿ 312 ಯೂನಿಟ್. ಜನವರಿಯಲ್ಲಿ 41. ಮೋಟಾರ್ ಗೆಳೆಯ ನಕ್ಕುಬಿಟ್ಟ. "41 ಯೂನಿಟ್‌ನಾಗ ತಿಂಗಳಿಡೀ ಫಿಲ್ಟರ್ ಓಡಸ್ಯಾರ ಅಂದ್ರ ಆ ಮೋಟಾರ್ ನನಗೂ ಒಂದು ಬೇಕು" ಅಂದ.

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಜಮೆ ಖರ್ಚು ಜನರ ಮುಂದೆ ಓದಬೇಕು. ಸಾಮಾನ್ಯವಾಗಿ ಹತ್ತಿಪ್ಪತ್ತು ಜನ ಬರುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಆ ಸಲ ಡಂಗುರದ ಜೊತೆ ನಾನೂ ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಮೊದಲೇ ಪಿಡಿಒ ಅವರನ್ನು ಕಂಡು ಕಾಗದಗಳ ಒಂದು ಜೆರಾಕ್ಸ್ ಕೊಟ್ಟು ಬಂದಿದ್ದೆ. ಇದನ್ನು ಕೆಲವು ಗೆಳೆಯರು ಒಪ್ಪಲಿಲ್ಲ, ಎಲ್ಲರ ಮುಂದೆ ಒಮ್ಮೆಲೇ ಬಯಲು ಮಾಡಬೇಕಿತ್ತು ಅಂದರು. ನನಗೆ ಸರಿ ಅನಿಸಲಿಲ್ಲ. ಮುಖ ಒಡೆದರೆ ಚಪ್ಪಾಳೆ ಸಿಗುತ್ತದೆ, ಫಿಲ್ಟರ್ ಓಡುವುದಿಲ್ಲ.

ಆದರೂ ಗಲಾಟೆ ತಪ್ಪಲಿಲ್ಲ. ನಾನು ತಿಂಗಳು ತಿಂಗಳಿನ ಲೆಕ್ಕ ಓದುತ್ತಿದ್ದಂತೆ ಸಂಬಂಧದಲ್ಲಿ ಮಾವ ಆಗಬೇಕಾದ ಒಬ್ಬ ಸದಸ್ಯರು ಎದ್ದರು. "ಏನೋ ತಮ್ಮಾ, ಊರ ಮರ್ಯಾದಿ ತೆಗೀತಿಯೇನು?" ನಾನು "ಮಾವಾ, ನಾನು ಕಾಗದ ಓದಾಕತ್ತೀನಿ ಅಷ್ಟ" ಅಂದೆ. ಮಾತು ಏರಿತು. ಇಪ್ಪತ್ತು ನಿಮಿಷ ಯಾರು ಕಳ್ಳರು ಅನ್ನುವುದೇ ಆಯಿತು. ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಅಲ್ಲಿಂದಲೇ ಕೂಗಿದರು. "ನಿಮ್ಮ ಕಾಗದ ನೀವ ಇಟ್ಕೊಳ್ರೆಪಾ. ನಾಳೆ ಮುಂಜಾನೆ ನೀರ ಬರತೈತೋ ಇಲ್ಲೋ ಅದ ಹೇಳ್ರಿ."

ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ, 62 ಪುಟ ಗೆದ್ದ ಹುಮ್ಮಸ್ಸಿನಲ್ಲಿ ನಾನು ನೀರನ್ನು ಮರೆತಿದ್ದೆ. ಅಲ್ಲಿಂದ ಮಾತನ್ನು ಮೂರು ಬೇಡಿಕೆಗೆ ಇಳಿಸಿದೆವು. ಪ್ರತಿ ತಿಂಗಳು 1ನೇ ತಾರೀಕು ಇಬ್ಬರು ಹೆಂಗಸರ ಎದುರು ಘಟಕದ ಕರೆಂಟ್ ಮೀಟರ್ ಓದಿ ಗೋಡೆ ಮೇಲೆ ಬರೆಯಬೇಕು. ಘಟಕ ಸರಿಯಾಗಿ ಓಡಿದೆ ಅಂತ ಪಂಚಾಯಿತಿ ಕೊಡುವ ಸಹಿ ಆ ಅಂಕಿ ನೋಡಿದ ಮೇಲೆಯೇ ಬೀಳಬೇಕು. ಕಿಟ್ ಡಬ್ಬಿ ಹೊರಗೆ ಬರಬೇಕು, ಫ್ಲೋರೈಡ್ ಪರೀಕ್ಷೆ ನಮ್ಮ ಕಣ್ಣೆದುರು ಆಗಬೇಕು.

ಇಲ್ಲೊಂದು ಸಣ್ಣ ವಿಷಯ, ಆದರೆ ಇದನ್ನು ತಿಳಿಯದೆ ಎಷ್ಟೋ ಊರು ಮೋಸ ಹೋಗಿವೆ. ಸಭೆಗೆ ಬರುವಾಗಲೇ ಹಾಜರಿ ಅಂತ ನಮ್ಮ ಸಹಿ ತೆಗೆದುಕೊಳ್ಳುತ್ತಾರೆ. ಠರಾವು ಆಮೇಲೆ ನಿಧಾನಕ್ಕೆ ಬರೆಯುತ್ತಾರೆ. ಏನು ಬರೆದರು ಅಂತ ಯಾರೂ ನೋಡುವುದಿಲ್ಲ. ಅವತ್ತು ನಾವು ಹದಿನೈದು ಜನ ಎದ್ದೇ ಹೋಗಲಿಲ್ಲ. ನಡಾವಳಿ ಪುಸ್ತಕದಲ್ಲಿ ಮೂರೂ ಠರಾವು ಬರೆಸಿ, ಓದಿಸಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೇ ಹೊರಬಂದೆವು. ಕತ್ತಲಾಗಿತ್ತು.

ಫಲ? ಎರಡು ವಾರದಲ್ಲಿ ಹೊಸ ಮೆಂಬ್ರೇನ್ ಬಂತು. ನಲ್ಲಿಯಲ್ಲಿ ಟಿಡಿಎಸ್ 90ರ ಸುತ್ತ ಇಳಿಯಿತು. ಮುಂದಿನ ಬಿಲ್ಲಿನಲ್ಲಿ ಮೂರು ತಿಂಗಳ ಮೊತ್ತ ಕಡಿತ ಮಾಡಿದ್ದೇವೆ ಅಂತ ಪತ್ರ ಬಂತು. 131 ದಿನಕ್ಕೆ ಮೂರೇ ತಿಂಗಳು, ಬೋರಿನ ನೀರು ಕುಡಿಸಿದ 40 ದಿನದ ಮಾತೇ ಇಲ್ಲ. ಆ ನೀರಿನ ವರದಿಗಳ ಮೂಲ ದಾಖಲೆ ಕೇಳಿ ಮತ್ತೊಂದು ಅರ್ಜಿ ಹಾಕಿದೆ. ಅದಕ್ಕೆ ಉತ್ತರ ಸಿಗದೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹೋಗಿದೆ. ಅದು ಅಲ್ಲೇ ಕೂತಿದೆ.

ಒಂದು ವಿಷಯ ಮಾತ್ರ ಇನ್ನೂ ಚುಚ್ಚುತ್ತದೆ. ಘಟಕ ನೋಡಿಕೊಳ್ಳುತ್ತಿದ್ದ ಹುಡುಗ ನಮ್ಮೂರವನೇ. ಲಾಗ್ ಶೀಟಿನ ಅಕ್ಷರ ಅವನದು. ಜಮಾಬಂದಿ ಮುಗಿದ ಮರುದಿನ ಅವನನ್ನು ತೆಗೆದುಹಾಕಿದರು. ಸಂಜೆ ಅಂಗಡಿಗೆ ಬಂದು ನಿಂತ. "ಅಣ್ಣಾ, ತಿಂಗಳ ಕೊನಿಗೆ ಹಾಳಿ ಕಳಸತಿದ್ರು, ತುಂಬಿಕೊಡು ಅಂತಿದ್ರು. ಐದ ತಿಂಗಳ ಪಗಾರ ಬಾಕಿ ಐತಿ, ಬರೀಲಿಲ್ಲಂದ್ರ ಅದೂ ಬರಾಂಗಿಲ್ಲ ಅಂದ್ರು" ಅಂದ. ನಾನು ಬಿಲ್ ಕೇಳಿದ್ದೆ, ವರದಿ ಕೇಳಿದ್ದೆ. ಆ ಹುಡುಗನಿಗೆ ಸಂಬಳ ಕೊಟ್ಟ ದಾಖಲೆ ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ಅದನ್ನೂ ಕೇಳಿದ್ದರೆ ಸಭೆಯಲ್ಲಿ ಅವನು ನಮ್ಮ ಕಡೆ ನಿಲ್ಲುತ್ತಿದ್ದ. ಆಮೇಲೆ ಆ ಅರ್ಜಿಯನ್ನೂ ಹಾಕಿದೆ. ಬಾಕಿಯಲ್ಲಿ ಎರಡು ತಿಂಗಳದ್ದು ಸಿಕ್ಕಿತು. ಕೆಲಸ ವಾಪಸ್ ಸಿಗಲಿಲ್ಲ. ಈಗ ಹುಬ್ಬಳ್ಳಿಯಲ್ಲಿ ಗೋದಾಮಿನಲ್ಲಿದ್ದಾನೆ.

ಮೀಟರ್ ಓದುವುದು ನಿಂತಿಲ್ಲ. ಅಂಗನವಾಡಿ ಸಹಾಯಕಿ ಮತ್ತು ಮೇಲಿನ ಓಣಿಯ ಅಕ್ಕಾರು 1ನೇ ತಾರೀಕು ಹೋಗಿ ಸುಣ್ಣದ ಗೋಡೆ ಮೇಲೆ ಇದ್ದಿಲಿನಲ್ಲಿ ಅಂಕಿ ಬರೆಯುತ್ತಾರೆ. ಗೋಡೆ ಅರ್ಧ ತುಂಬಿದೆ. ನಡುವೆ ಬಣ್ಣ ಹೊಡೆಸುವ ನೆಪದಲ್ಲಿ ಯಾರೋ ಒಂದು ಸಲ ಅಳಿಸಿಹಾಕಿದರು. ಅಕ್ಕಾರ ನೋಟ್‌ಬುಕ್ಕಿನಲ್ಲಿ ಎಲ್ಲ ಇತ್ತು, ಮಧ್ಯಾಹ್ನ ಕೂತು ಮತ್ತೆ ಬರೆದರು.