ಎಸೆದ ಫಿಲ್ಟರ್‌ನಲ್ಲೇ ಕೂತಿತ್ತು ನನ್ನ ಜಂಬೋ ಫೇಜ್

ನಾಲ್ಕು ತಿಂಗಳು ಹುಡುಕಿದ ಫೇಜನ್ನು ನಾನೇ ದಿನಾ ಕಸದ ಡಬ್ಬಿಗೆ ಹಾಕುತ್ತಿದ್ದೆ. ಫಿಲ್ಟರ್ ಸಮೇತ.

ಬ್ಯಾಕ್ಟೀರಿಯಾವನ್ನು ಹಿಡಿಯುವ ವೈರಸ್‌ಗೆ ಫೇಜ್ ಅಂತಾರೆ. ಅದರ ಜೀನೋಮ್, ಅಂದರೆ ಇಡೀ ಡಿಎನ್‌ಎ, 2 ಲಕ್ಷ ಬೇಸ್ ಜೋಡಿ (ಡಿಎನ್‌ಎ ಉದ್ದ ಅಳೆಯುವ ಲೆಕ್ಕ) ದಾಟಿದರೆ ಜಂಬೋ. ಎಲ್ಲರೂ ಓದಿರುವ ಟಿ4 ಫೇಜ್ ಸುಮಾರು 1.69 ಲಕ್ಷ. ಸ್ಯೂಡೋಮೊನಾಸ್ ಎರುಜಿನೋಸಾ ಅನ್ನುವ ಬ್ಯಾಕ್ಟೀರಿಯಾಗೆ ಬೀಳುವ ಫೈ-ಕೆಜೆಡ್ 2.8 ಲಕ್ಷ. ಫೇಜ್ ಜಿ ಅಂತೂ ಹತ್ತಿರಹತ್ತಿರ 5 ಲಕ್ಷ! ನನಗೆ ಬೇಕಿದ್ದದ್ದು ಸ್ಯೂಡೋಮೊನಾಸ್ ಹಿಡಿಯುವಂಥದ್ದು. ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳಲ್ಲಿ ಅದೂ ಒಂದು ಅಲ್ವಾ.

ನನಗೆ ಕಲಿಸಿದ್ದು ಮಾಮೂಲಿ ದಾರಿ. ಕೊಳಚೆ ನೀರನ್ನು ಬ್ಯಾಕ್ಟೀರಿಯಾ ಜೊತೆ ರಾತ್ರಿಯಿಡೀ ಬೆಳೆಸು, ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸು, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸು, ಮೃದು ಅಗರ್‌ಗೆ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಬೆರೆಸಿ ಪ್ಲೇಟ್ ಮೇಲೆ ಸುರಿ. ಬೆಳಗ್ಗೆ ದೊಡ್ಡ ದೊಡ್ಡ ಪ್ಲೇಕ್ (ಫೇಜ್ ಬ್ಯಾಕ್ಟೀರಿಯಾವನ್ನು ಕೊಂದ ಜಾಗದ ಚುಕ್ಕಿ) ಕಾಣುತ್ತಿದ್ದವು, ಖುಷಿಯೂ ಆಗುತ್ತಿತ್ತು, ಆಮೇಲೆ ನೋಡಿದರೆ ಎಲ್ಲವೂ ಸಣ್ಣ ಫೇಜ್‌ಗಳೇ. ಈ ವಿಧಾನದ ಒಂದೊಂದು ಹೆಜ್ಜೆಯೂ ದೊಡ್ಡದನ್ನು ಆಚೆ ತಳ್ಳುತ್ತದೆ ಅಂತ ಆಗ ಹೊಳೆದಿರಲಿಲ್ಲ. ರಾತ್ರಿ ಬೆಳೆಸಿದರೆ ಬೇಗ ಹೆಚ್ಚುವ ಪುಟ್ಟ ಫೇಜ್‌ಗಳು ಮುಂದೆ ಓಡುತ್ತವೆ. ಜೋರಾಗಿ ತಿರುಗಿಸಿದರೆ ದೊಡ್ಡದು ಬ್ಯಾಕ್ಟೀರಿಯಾ ಜೊತೆ ತಳಕ್ಕೆ ಇಳಿಯುತ್ತದೆ. ಉಳಿದದ್ದು ಫಿಲ್ಟರ್‌ಗೆ ಅಂಟುತ್ತದೆ. ಫೇಜ್‌ನ ತಲೆ (ಡಿಎನ್‌ಎ ತುಂಬಿದ ಚಿಪ್ಪು) ಒಂದನ್ನೇ ಲೆಕ್ಕ ಹಿಡಿದರೆ 0.22ರ ತೂತಿನಲ್ಲಿ ತೂರಬೇಕು ನಿಜ, ಆದರೆ ಹಿಂದೆ ಉದ್ದದ ಬಾಲವೂ ಇದೆಯಲ್ಲ, ಜೊತೆಗೆ ಕೊಳಚೆ ನೀರಿನ ಕಸ ಅರ್ಧ ತೂತುಗಳನ್ನು ಆಗಲೇ ಮುಚ್ಚಿರುತ್ತದೆ.

ಬದಲಾಯಿಸಿದ್ದು ಇಷ್ಟೇ. ರಾತ್ರಿ ಬೆಳೆಸುವುದನ್ನು ಬಿಟ್ಟೆ. ನಿಧಾನವಾಗಿ ತಿರುಗಿಸಿ ಮೇಲಿನ ನೀರು ತೆಗೆದುಕೊಂಡೆ. ಫಿಲ್ಟರ್ ಬದಲು ಸ್ವಲ್ಪ ಕ್ಲೋರೋಫಾರ್ಮ್ ಹಾಕಿ ಉಳಿದ ಬ್ಯಾಕ್ಟೀರಿಯಾ ಸಾಯಿಸಿದೆ (ಕೆಲವು ಫೇಜ್‌ಗಳಿಗೆ ಕ್ಲೋರೋಫಾರ್ಮ್ ಆಗಿಬರುವುದಿಲ್ಲ, ಹಾಕದ ಒಂದು ಪಾಲು ಪಕ್ಕಕ್ಕಿಡಿ). ಮೇಲಿನ ಪದರದ ಅಗರ್ 0.6% ಇದ್ದದ್ದನ್ನು 0.35%ಗೆ ಇಳಿಸಿದೆ. ಗಟ್ಟಿ ಅಗರ್‌ನಲ್ಲಿ ದೊಡ್ಡ ಫೇಜ್ ಅಲುಗಾಡುವುದೇ ಕಷ್ಟ, ಹಾಗಾಗಿ ಪ್ಲೇಕ್ ಹರಡುವುದಿಲ್ಲ.

ಮೊದಲ ಸಲ ಅಭ್ಯಾಸಬಲದಿಂದ ಪ್ಲೇಟ್‌ಗಳನ್ನು ಮಗುಚಿ ಇಟ್ಟೆ. ಬೆಳಗ್ಗೆ ಇಡೀ ಪದರ ಜಾರಿ ಮುಚ್ಚಳದಲ್ಲಿ ಬಿದ್ದಿತ್ತು, ಹನ್ನೆರಡಕ್ಕೆ ಹನ್ನೆರಡೂ. ಇಷ್ಟು ಮೃದು ಅಗರನ್ನು ನೆಟ್ಟಗೇ ಇಡಬೇಕು.

ಎರಡನೇ ಸಲ ಪ್ಲೇಟನ್ನು ದೀಪಕ್ಕೆ ಓರೆಯಾಗಿ ಹಿಡಿದಾಗ, ದೊಡ್ಡ ಪ್ಲೇಕ್‌ಗಳ ನಡುವೆ ಸೂಜಿಮೊನೆಯಷ್ಟು ಮಬ್ಬು ಚುಕ್ಕಿಗಳು ಕಂಡವು. ನೇರ ನೋಡಿದರೆ ಕಾಣಲ್ಲ. ಗುಳ್ಳೆ ಅಂತ ಬಿಟ್ಟುಬಿಡುತ್ತಿದ್ದೆ, ಸುಮ್ನೆ ಒಂದನ್ನು ಚುಚ್ಚಿ ತೆಗೆದೆ. ಮತ್ತೆ ಹರಡಿದೆ, ಅದೇ ಚುಕ್ಕಿ. ಮೂರು ಸಲ ಹಾಗೇ ಮಾಡಿ ಶುದ್ಧ ಮಾಡಿಕೊಂಡೆ.

ದೊಡ್ಡದೇ ಅಂತ ಗೊತ್ತಾಗಬೇಕಲ್ಲ. ಡಿಎನ್‌ಎಯನ್ನು ಗಾತ್ರದ ಮೇಲೆ ಬೇರ್ಪಡಿಸುವ ಸಾದಾ ಜೆಲ್‌ನಲ್ಲಿ ದೊಡ್ಡ ಡಿಎನ್‌ಎ ಎಲ್ಲವೂ ಒಂದೇ ಗೆರೆಯಾಗಿ ಕೂರುತ್ತದೆ, ವಿದ್ಯುತ್ತಿನ ದಿಕ್ಕು ಬದಲಿಸುತ್ತಾ ಓಡಿಸುವ ಪಲ್ಸ್ ಫೀಲ್ಡ್ ಜೆಲ್ಲೇ ಬೇಕು. ಪಿಪೆಟ್‌ನಲ್ಲಿ ಎಳೆದಾಡಿದರೂ ಈ ಉದ್ದದ ಡಿಎನ್‌ಎ ತುಂಡಾಗುತ್ತದೆ, ಅದಕ್ಕೆ ಫೇಜನ್ನು ಅಗರೋಸ್ ತುಣುಕಿನಲ್ಲಿ ಹುದುಗಿಸಿ ಅಲ್ಲೇ ಒಡೆದೆ. ಗೆರೆ 2 ಲಕ್ಷದ ಗುರುತಿಗಿಂತ ಸಾಕಷ್ಟು ಮೇಲೆ ನಿಂತಿತು. ಆಮೇಲೆ ರಿಫಾಂಪಿಸಿನ್ ಪರೀಕ್ಷೆ. ಈ ಔಷಧಿ ಬ್ಯಾಕ್ಟೀರಿಯಾದ ಆರ್‌ಎನ್‌ಎ ಪಾಲಿಮರೇಸನ್ನು (ಡಿಎನ್‌ಎ ನೋಡಿ ಆರ್‌ಎನ್‌ಎ ಮಾಡುವ ಎನ್‌ಜೈಮ್) ಕಟ್ಟಿಹಾಕುತ್ತದೆ. ಅದನ್ನೇ ನಂಬಿದ ಫೇಜ್‌ಗಳು ಅಲ್ಲಿಗೆ ನಿಂತವು. ನನ್ನದು ಆರಾಮಾಗಿ ಬೆಳೆಯಿತು. ಫೈ-ಕೆಜೆಡ್ ಥರದವು ತಮ್ಮದೇ ಪಾಲಿಮರೇಸ್ ಇಟ್ಟುಕೊಂಡಿರುತ್ತವೆ, ಒಂದನ್ನು ತಲೆಯೊಳಗೇ ತುಂಬಿಕೊಂಡು ಬರುತ್ತವೆ.

ನನಗೆ ಮೈ ಜುಮ್ ಅಂದದ್ದು ಮೈಕ್ರೋಸ್ಕೋಪ್‌ನಲ್ಲಿ. ಸೋಂಕು ಹಚ್ಚಿ ಒಂದು ಗಂಟೆ ಬಿಟ್ಟು ಡಿಎನ್‌ಎ ಹೊಳೆಯುವಂತೆ ಮಾಡುವ ಡಾಪಿ ಬಣ್ಣ ಹಾಕಿದ್ದೆ. ಬ್ಯಾಕ್ಟೀರಿಯಾದ ಒಳಗೆ ನಟ್ಟನಡುವೆ ಒಂದು ಹೊಳೆಯುವ ಗುಂಡು! ಬ್ಯಾಕ್ಟೀರಿಯಾಗೆ ನ್ಯೂಕ್ಲಿಯಸ್ ಇಲ್ಲ ಅಂತ ಶಾಲೆಯಿಂದ ಓದಿಕೊಂಡು ಬಂದವರು ನಾವು, ಇದು ಫೇಜ್ ಬಂದು ಕಟ್ಟಿಕೊಂಡ ಮನೆ. 2017ರಲ್ಲಿ ಮೊದಲು ವರದಿಯಾಯಿತು. ಗೋಡೆ ಕಟ್ಟುವ ಪ್ರೋಟೀನ್‌ಗೆ ಚಿಮಾಲಿನ್ ಅಂತ ಹೆಸರು, ಅಜ್ಟೆಕ್ ಜನರ ಗುರಾಣಿಯಿಂದ ಬಂದದ್ದು. ಫೇಜ್‌ನದ್ದೇ ಟ್ಯೂಬ್ಯುಲಿನ್ ನೂಲುಗಳು ಆ ಗುಂಡನ್ನು ನಡುವೆ ಹಿಡಿದಿಡುತ್ತವೆ. ಖಾಲಿ ತಲೆಗಳು ಅಂಚಿನಲ್ಲಿ ತಯಾರಾಗಿ ಅದೇ ನೂಲು ಹಿಡಿದು ಬಂದು, ಗೋಡೆಗೆ ಅಂಟಿಕೊಂಡು ಡಿಎನ್‌ಎ ತುಂಬಿಸಿಕೊಂಡು ಹೋಗುತ್ತವೆ.

ಫೇಜನ್ನೇ ಔಷಧಿ ಮಾಡುವ ಆಸೆ ಹುಟ್ಟುವುದೂ ಇಲ್ಲೇ. ಫೇಜ್ ಡಿಎನ್‌ಎಯನ್ನು ಕತ್ತರಿಸುವ ಬ್ಯಾಕ್ಟೀರಿಯಾದ ಆಯುಧಗಳಾದ ರೆಸ್ಟ್ರಿಕ್ಷನ್ ಎನ್‌ಜೈಮ್, ಕ್ರಿಸ್ಪರ್‌ನ ಕ್ಯಾಸ್9, ಎಲ್ಲವೂ ಗೋಡೆಯ ಹೊರಗೇ ಉಳಿಯುತ್ತವೆ. ಆದರೆ ಫೇಜ್‌ನ ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ಡಿಎನ್‌ಎಯಿಂದ ಬರೆದುಕೊಂಡ ಪ್ರತಿ) ಪ್ರೋಟೀನ್ ಆಗಬೇಕಾದರೆ ಹೊರಗೆ ಬರಲೇಬೇಕು. ಆರ್‌ಎನ್‌ಎ ಕತ್ತರಿಸುವ ಕ್ಯಾಸ್13 ಅಲ್ಲೇ ಹಿಡಿಯುತ್ತದೆ. ಹಾಗಾಗಿ ಅಜೇಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಫೇಜ್ ಅಂಟಿಕೊಳ್ಳುವ ಮೈಮೇಲಿನ ರಿಸೆಪ್ಟರ್ ಬದಲಾಯಿಸಿಕೊಂಡ ಬ್ಯಾಕ್ಟೀರಿಯಾ ಮುಂದೆ ಈ ಗೋಡೆಯೂ ಕೆಲಸಕ್ಕೆ ಬರುವುದಿಲ್ಲ, ಒಳಗೆ ಹೋದರೆ ತಾನೇ ಗೋಡೆ!

ನನಗೂ ಅದೇ ಥರದ ಪೆಟ್ಟು ಬಿತ್ತು. ಕಲಕಿದಂತಿದ್ದ ಬ್ಯಾಕ್ಟೀರಿಯಾ ಕಲ್ಚರ್ ಫೇಜ್ ಹಾಕಿದ ನಾಲ್ಕು ಗಂಟೆಯಲ್ಲಿ ತಿಳಿಯಾಯಿತು, ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ. ಮರುದಿನ ಬೆಳಗ್ಗೆ ಮತ್ತೆ ಕಲಕಿತ್ತು. ಅದರಿಂದ ಎತ್ತಿದ ಎಂಟು ಕಾಲೊನಿಗಳ ಮೇಲೆ ನನ್ನ ಫೇಜ್ ಒಂದು ಚುಕ್ಕಿಯನ್ನೂ ಮಾಡಲಿಲ್ಲ. ಹಿಂದೆ ಬೇಜಾರಲ್ಲಿ ಫ್ರಿಜ್‌ನಲ್ಲಿ ತಳ್ಳಿಟ್ಟಿದ್ದ ಆ ಸಣ್ಣ ಫೇಜ್‌ಗಳನ್ನು ಹಾಕಿ ನೋಡಿದೆ. ಎಂಟರಲ್ಲಿ ಐದರ ಮೇಲೆ ದೊಡ್ಡ ದೊಡ್ಡ ಪ್ಲೇಕ್. ಈಗ ಇಬ್ಬರನ್ನೂ ಒಂದೇ ಟ್ಯೂಬ್‌ಗೆ ಹಾಕಿ ನೋಡುತ್ತಿದ್ದೇನೆ.