ಮನೆಯೊಳಗೆ ಸೊರಗಿದ ಗಿಡಕ್ಕೆ ಹೊರಗಿನ ಹವೆ

ಎರಡು ವರ್ಷಗಳ ಹಿಂದಿನ ಏಪ್ರಿಲ್. ಬೆಂಗಳೂರಿನ ನಮ್ಮ ಮನೆಯ ಹಜಾರದ ಮೂಲೆಯಲ್ಲಿದ್ದ ಅರೆಕಾ ಪಾಮ್ ಹಳದಿಗೆ ತಿರುಗಿತ್ತು. ಪಾಪ, ನಾಲ್ಕು ಬಿಸಿಲು ಕಾಣಲಿ ಎಂದು ತಾರಸಿಗೆ ಹೊತ್ತೊಯ್ದು, ಹರವಿದ್ದ ಅರಳು ಸಂಡಿಗೆಯ ಪಕ್ಕದಲ್ಲಿಟ್ಟೆ. ಸಂಜೆಯ ಹೊತ್ತಿಗೆ ಸಂಡಿಗೆಯೂ ಒಣಗಿತ್ತು, ಗಿಡವೂ ಒಣಗಿತ್ತು. ಮದ್ದೇನೋ ಸರಿಯಾದದ್ದೇ, ಕೊಟ್ಟ ಅಳತೆ ತಪ್ಪಿತ್ತು.

ಗಿಡ ಬಾಡಿದರೆ ನಮ್ಮ ಕೈ ಮೊದಲು ಹೋಗುವುದು ನೀರಿನ ಚೊಂಬಿಗೆ. ಆದರೆ ಮನೆಯೊಳಗಿನ ಗಿಡಕ್ಕೆ ಸಾಮಾನ್ಯವಾಗಿ ಕಾಡುವುದು ಬೆಳಕಿನ ಬರ. ಮಂದ ಬೆಳಕಿಗೆ ಕಣ್ಣು ಹೊಂದಿಕೊಳ್ಳುವುದರಿಂದ ಹಜಾರ ನಮಗೆ ಬೆಳ್ಳಗೇ ಕಾಣುತ್ತದೆ. ಅಳೆದು ನೋಡಿದರೆ ಕಿಟಕಿಯಿಂದ ದೂರದ ಮೂಲೆಯಲ್ಲಿ 100-200 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಸಿಕ್ಕರೆ ಹೆಚ್ಚು. ಮೋಡದ ದಿನವೂ ಹೊರಗೆ 10,000 ಲಕ್ಸ್‌ನ ಆಸುಪಾಸು ಇರುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅದು 1 ಲಕ್ಷ ಮುಟ್ಟುತ್ತದೆ. ಬೆಳಕಿಲ್ಲದ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ಅದರ ಮೇಲೆ ಮತ್ತಷ್ಟು ಸುರಿದರೆ ಬೇರು ಕೊಳೆಯುತ್ತದೆ.

ಯಾವಾಗ?

ಮೃಗಶಿರಾ ಮಳೆ ಹಿಡಿದ ಮೇಲೆ, ಅಂದರೆ ಜೂನ್ ಎರಡನೆಯ ವಾರದಿಂದ. ಮೋಡವೇ ಚಪ್ಪರ, ಗಾಳಿಯಲ್ಲಿ ತೇವ. ಮಾರ್ಚ್-ಏಪ್ರಿಲ್‌ನಲ್ಲಿ ಈ ಸಾಹಸ ಬೇಡ.

ಹೊರಡಿಸುವ ಮುನ್ನ

ಕುಂಡದ ಮಣ್ಣಿಗೆ ಬೆರಳನ್ನು ಎರಡು ಗೆಣ್ಣು ಇಳಿಸಿ. ಮಣ್ಣು ಹಸಿಯಿದ್ದೂ ಗಿಡ ಜೋತುಬಿದ್ದಿದ್ದರೆ, ಕೊಳೆತ ವಾಸನೆಯೂ ಬಂದರೆ, ಗಿಡವನ್ನು ಹೊರತೆಗೆದು ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ ಹೊಸ ಮಣ್ಣಿಗೆ ಹಾಕಲೇಬೇಕು. ಅಂಥ ಗಿಡ ಒಂದೆರಡು ವಾರ ನೆರಳಿನಲ್ಲೇ ಸುಧಾರಿಸಿಕೊಳ್ಳಲಿ. ಬೇರು ಚೆನ್ನಾಗಿದ್ದರೆ ಕುಂಡ ಬದಲಿಸಬೇಡಿ. ಜಾಗ ಬದಲಾಗುವುದೇ ಅದಕ್ಕೆ ಸಾಕಷ್ಟು ಆಯಾಸ. ಕುಂಡದ ತಳದ ತೂತು ಕಟ್ಟಿಕೊಂಡಿದೆಯೇ ನೋಡಿ, ಅಡಿಯ ತಟ್ಟೆಯನ್ನು ತೆಗೆದಿಡಿ. ಮಳೆನೀರು ಅದರಲ್ಲಿ ನಿಂತರೆ ಬೇರಿಗೂ ಕೇಡು, ಡೆಂಗಿ ಸೊಳ್ಳೆಗೂ ತೊಟ್ಟಿಲು.

ಮೊದಲ ಎರಡು ವಾರ

ಅವಸರ ಮಾಡಿ ಕೆಡಿಸುವುದು ಇಲ್ಲೇ. ನೆರಳಿನಲ್ಲಿ ಹುಟ್ಟಿದ ಎಲೆ ತೆಳ್ಳಗೆ, ಅಗಲವಾಗಿ, ಸಿಕ್ಕಷ್ಟು ಬೆಳಕನ್ನು ಬಾಚಿಕೊಳ್ಳುವಂತೆ ಬೆಳೆದಿರುತ್ತದೆ. ಅದಕ್ಕೆ ಬಿಸಿಲು ತಡೆಯುವ ಮೈಯಿಲ್ಲ. ಹಸುಗೂಸನ್ನು ಎಳೆಬಿಸಿಲಿಗೆ ಹಿಡಿಯುತ್ತೇವಲ್ಲ, ಹಾಗೆಯೇ ಗಿಡವನ್ನೂ ರೂಢಿಸಬೇಕು. ಮೊದಲ ನಾಲ್ಕೈದು ದಿನ ಸಜ್ಜೆಯ ಅಡಿಯಲ್ಲೋ ದೊಡ್ಡ ಮರದ ನೆರಳಿನಲ್ಲೋ ಇಡಿ. ನೇರ ಬಿಸಿಲು ತಾಕಕೂಡದು. ಆಮೇಲೆ ಬೆಳಗ್ಗೆ ಎಂಟರೊಳಗಿನ ಬಿಸಿಲು ಅರ್ಧ ಗಂಟೆ, ಎರಡು ದಿನ ಬಿಟ್ಟು ಒಂದು ಗಂಟೆ. ಎಲೆಯ ಮೇಲೆ ಬಿಳಚಿದ ಮಚ್ಚೆ ಕಂಡರೆ ಒಂದು ಹೆಜ್ಜೆ ಹಿಂದಕ್ಕೆ ಸರಿಯಿರಿ.

ಎಲ್ಲ ಗಿಡಕ್ಕೂ ಬಿಸಿಲು ಬೇಕೆಂದೂ ಇಲ್ಲ. ಪೀಸ್ ಲಿಲ್ಲಿ ಕೊನೆಯವರೆಗೂ ನೆರಳಿನದೇ. ಮನಿಪ್ಲಾಂಟ್‌ಗೆ, ಅರೆಕಾಗೆ ಸೋಸಿದ ಬೆಳಕು ಸಾಕು. ಒಳಗೆ ಬಣ್ಣ ಕಳೆದುಕೊಂಡು ಹಸಿರಾದ ಕ್ರೋಟನ್ ಮಾತ್ರ ರೂಢಿಯಾದ ಮೇಲೆ ಬಿಸಿಲನ್ನು ಬೇಡುತ್ತದೆ; ಹೊಸ ಚಿಗುರಿನಲ್ಲಿ ಕೆಂಪು, ಹಳದಿ ಮರಳುವುದನ್ನು ನೋಡುವುದೇ ಚಂದ. ಫೈಕಸ್ ಜಾಗ ಬದಲಿಸಿದ ಕೂಡಲೇ ಎಲೆಯುದುರಿಸಿ ಮುನಿಸು ತೋರಿಸುತ್ತದೆ. ಗಾಬರಿಯಾಗಿ ಮತ್ತೆ ಒಳಗೆ ತಂದರೆ ಎರಡನೆಯ ಸಲ ಉದುರಿಸುತ್ತದೆ.

ಯಾವ ಬಾಲ್ಕನಿ?

ಉತ್ತರದ ಬಾಲ್ಕನಿಗೆ ಬಿಸಿಲೇ ಬರುವುದಿಲ್ಲ ಎಂಬ ಮಾತು ನಮ್ಮ ಊರಿಗೆ ಪೂರ್ತಿ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಡುನೆತ್ತಿಗೆ ಬಂದು ನೆರಳು ಕಾಲಡಿಗೆ ಸೇರುತ್ತದೆ. ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಹಾಗಾಗಿ ಜೂನ್-ಜುಲೈನಲ್ಲಿ ಮೋಡ ಬಿಟ್ಟ ದಿನ ಉತ್ತರದ ಬಾಲ್ಕನಿಗೇ ಓರೆಬಿಸಿಲು ಬೀಳುತ್ತದೆ, ದಕ್ಷಿಣದ ಸಜ್ಜೆಯಡಿ ತಂಪಾಗಿರುತ್ತದೆ. ಪಶ್ಚಿಮದ ಬಾಲ್ಕನಿಯಾದರೆ ಹಸಿರು ಬಲೆ ಕಟ್ಟಿ. ಆಷಾಢದ ಗಾಳಿಗೆ ಎತ್ತರದ ಕುಂಡ ಉರುಳದಂತೆ ಗೋಡೆಯ ಮೂಲೆಗೆ ಒತ್ತಿಡಿ. ಕಟಕಟೆಯ ಮೇಲಂತೂ ಇಡಬೇಡಿ, ಕೆಳಗೆ ಜನ ಓಡಾಡುತ್ತಾರೆ.

ನೀರು, ಗೊಬ್ಬರ, ಕತ್ತರಿ

ಹೊರಗೆ ಗಾಳಿಗೆ ಮಣ್ಣು ಬೇಗ ಒಣಗುತ್ತದೆ. ಸಜ್ಜೆಯಡಿಯ ಕುಂಡಕ್ಕೆ ಮಳೆ ಮುಟ್ಟುವುದೇ ಇಲ್ಲವಾದ್ದರಿಂದ ಮಳೆಗಾಲವೆಂದು ನೀರು ಮರೆಯಬೇಡಿ. ಹೊಸ ಎಲೆ ಬಿಚ್ಚುವವರೆಗೆ ಗೊಬ್ಬರ ಬೇಡ. ಆಮೇಲೆ ಒಂದು ಹಿಡಿ ಎರೆಗೊಬ್ಬರ ಸಾಕು. ಸುಟ್ಟ ಕಲೆ ಮತ್ತೆ ಹಸಿರಾಗುವುದಿಲ್ಲ. ಹಾಗೆಂದು ಆ ಎಲೆಗಳನ್ನೆಲ್ಲ ಒಂದೇ ದಿನ ಕತ್ತರಿಸಬೇಡಿ. ಉಳಿದಿರುವ ಹಸಿರು ಇನ್ನೂ ಗಿಡಕ್ಕೆ ಅನ್ನ ಬೇಯಿಸುತ್ತಿರುತ್ತದೆ.

ಚೇತರಿಸಿಕೊಂಡ ಗಿಡವನ್ನು ಒಳಗೆ ತರುವ ದಿನ ಎಲೆಯ ಅಡಿ, ಕಾಂಡದ ಸಂದು ನೋಡಿ. ಹತ್ತಿಯಂಥ ಬಿಳಿ ಹಿಟ್ಟುತಿಗಣೆ ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು ಕದಡಿ ಸಂಜೆ ಸಿಂಪಡಿಸಿ. ಕುಂಡದ ಅಡಿಯನ್ನೂ ಎತ್ತಿ ನೋಡಿ, ಬಸವನಹುಳುಗಳು ಅಲ್ಲೇ ಅಂಟಿಕೊಂಡಿರುತ್ತವೆ.